ಗೇಣು ನೀರಿನಲ್ಲಿ ಸಿಡುಕಪ್ಪ

ಎಲ್ಲಕ್ಕೂ ಮೂಲ, ಮ್ಯಾನೇಜರು ಬೆಳಿಗ್ಗೆ ಬಾಗಿಲಲ್ಲೇ ನಿಲ್ಲಿಸಿ ಹೇಳಿದ ಮಾತು.

"ದೂರು ವಿಭಾಗದ ಮುಖ್ಯಸ್ಥನ ಕೆಲಸಕ್ಕೆ ನಿಮ್ಮ ಹೆಸರಿದೆ ಕಣ್ರೀ. ಸಂಜೆ ನನ್ನ ಕೋಣೆಗೆ ಬನ್ನಿ. ಆದ್ರೆ ಮೊದಲು ನಿಮ್ಮ ಸಿಟ್ಟಿನ ವಿಷಯ ಸ್ವಲ್ಪ ಮಾತಾಡ್ಬೇಕು."

ಇಷ್ಟು ಹೇಳಿ ಅವರು ಹೋದರು. ಸಿಡುಕಪ್ಪ ಬಾಗಿಲಲ್ಲೇ ನಿಂತು ಆ ಕೊನೆಯ ಮಾತನ್ನೇ ಮೆಲುಕು ಹಾಕಿದ.

ಸಿಡುಕಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಆ ಕಂಪನಿಯ ದೂರು ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು ಸಂಪಾದಿಸಿದ ಬಿರುದು. ಕೆಟ್ಟ ಮಿಕ್ಸಿ ಹಿಡಿದು ಬಂದವರ ಮೇಲೆ ಅವನು ಎಗರುವ ರಭಸ ನೋಡಿದರೆ, ತಾವೇ ಏನೋ ಅಪರಾಧ ಮಾಡಿದ್ದೇವೆಂದು ಗಿರಾಕಿಗಳಿಗೇ ಅನುಮಾನ ಬರುತ್ತಿತ್ತು. ಪಾಪ, ಅವನೇನು ಕೆಟ್ಟವನಲ್ಲ. ಹಗಲೆಲ್ಲ ಬೈಸಿಕೊಂಡು, ಬೈದು, ರಾತ್ರಿ ನಿದ್ದೆಯಿಲ್ಲದೆ ಹೊರಳಾಡಿ ಕತ್ತು ಮರಗಟ್ಟಿ ಹೋಗಿತ್ತು. ಮುಖ್ಯಸ್ಥನಾದರೆ ಒಳಕೋಣೆಯಲ್ಲಿ ಕೆಲಸ. ಗಿರಾಕಿಯ ಮುಖವನ್ನೇ ನೋಡಬೇಕಿಲ್ಲ. ಈ ಜನ್ಮದಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಫ್ಲೋಟ್ ಟ್ಯಾಂಕಿಗೆ ಹೋಗಿ ಬನ್ನಿ ಎಂದು ಡಾಕ್ಟರು ಹಿಂದಿನ ವಾರವೇ ಹೇಳಿದ್ದರು. ಮುಚ್ಚಳವಿರುವ ದೊಡ್ಡ ತೊಟ್ಟಿ, ಒಳಗೆ ಉಪ್ಪು ಕರಗಿಸಿದ ಬೆಚ್ಚನೆಯ ನೀರು, ಕತ್ತಲು, ನಿಶ್ಶಬ್ದ. ಅದರಲ್ಲಿ ಒಂದು ಗಂಟೆ ಅಂಗಾತ ತೇಲಿದರೆ ಮೈಮನಸ್ಸು ಸಡಿಲವಾಗುತ್ತದಂತೆ. ಸಂಜೆಯೊಳಗೆ ಸಿಟ್ಟು ಇಳಿಸಿಕೊಳ್ಳಲು ಸಿಡುಕಪ್ಪನಿಗೆ ಬೇರೆ ದಾರಿ ಹೊಳೆಯಲಿಲ್ಲ. ಫೋನ್ ಮಾಡಿ ಮಧ್ಯಾಹ್ನಕ್ಕೆ ಜಾಗ ಗೊತ್ತುಮಾಡಿಕೊಂಡ. ತಪ್ಪಾದದ್ದು ಅಲ್ಲಲ್ಲ, ಆ ಫೋನನ್ನು ಕಚೇರಿಯಲ್ಲೇ ಕೂತು ಮಾಡಿದ್ದರಲ್ಲಿ.

ಟೈಪಿಸ್ಟ್ ಅಕ್ಕ ಕುರ್ಚಿ ಸಮೇತ ಜರುಗಿಕೊಂಡು ಬಂದರು.

"ಉಪ್ಪು ನೀರಲ್ಲಿ ಒಂದು ಗಂಟೆನಾ? ಮೈಯಲ್ಲಿರೋ ನೀರನ್ನೆಲ್ಲ ಹೀರಿಬಿಡುತ್ತೆ ಕಣಪ್ಪ. ಒಳಗೆ ಹೋಗೋದು ಮನುಷ್ಯ, ಹೊರಗೆ ಬರೋದು ಒಣಮೀನು!"

"ಯಾರು ಹೇಳಿದ್ದು ಅಕ್ಕ?"

"ಇದಕ್ಕೆ ಯಾರು ಹೇಳ್ಬೇಕು? ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿ ನೋಡು, ಗೊತ್ತಾಗುತ್ತೆ. ತಲೆಯಿಂದ ಕಾಲಿನವರೆಗೂ ಎಣ್ಣೆ ಬಳ್ಕೊಂಡು ಹೋಗು. ಉಪ್ಪು ಹತ್ರ ಬರಲ್ಲ."

ಸಿಡುಕಪ್ಪ ಎಣ್ಣೆ ಸೀಸೆಗೆ ದುಡ್ಡು ಎಣಿಸತೊಡಗಿದ. ಅಷ್ಟರಲ್ಲಿ ಉಗ್ರಾಣದ ಗುಮಾಸ್ತ ಬಂದ. ಮನೆಗೆ ಬೆಂಕಿ ಬಿದ್ದರೂ "ಸಮಾಧಾನ, ಸಮಾಧಾನ" ಅನ್ನುವ ಆಸಾಮಿ. ಆದ್ದರಿಂದ ಅವನನ್ನು ಎಲ್ಲರೂ ಸಮಾಧಾನ ಎಂದೇ ಕರೆಯುತ್ತಿದ್ದರು.

"ಸಮಾಧಾನವಾಗಿ ಕೇಳು. ಆ ಮುಚ್ಚಳಕ್ಕೆ ಹೊರಗಡೆಯಿಂದ ಚಿಲಕ. ನನ್ನ ಷಡ್ಡಕನ ಪಕ್ಕದ ಮನೆಯವರು ಹೋಗಿದ್ರಂತೆ. ಹೊರಗೆ ತೆಗೆದಾಗ ಹೆಂಡ್ತಿ ಹೆಸರೇ ಮರ್ತುಹೋಗಿತ್ತಂತೆ."

"ಅಯ್ಯೋ! ಆಮೇಲೆ?"

"ಆಮೇಲೇನು, ಈಗ ಸುಖವಾಗಿದ್ದಾರೆ."

ಸಮಾಧಾನ ಕಾವಲುಗಾರನ ಸೀಟಿ ಇಸಿದುಕೊಂಡು ಬಂದು ಸಿಡುಕಪ್ಪನ ಕೊರಳಿಗೆ ಹಾಕಿದ. "ಏನಾದ್ರೂ ಆದ್ರೆ ಊದು. ನೀನು ಬರೋವರೆಗೂ ಕೌಂಟರ್ ನಾನು ನೋಡ್ಕೋತೀನಿ. ನಯವಾಗಿ ಮಾತಾಡಿದ್ರೆ ಎಂಥ ಗಿರಾಕೀನೂ ಹಸುವಿನ ಥರ ಆಗ್ತಾನೆ. ನೀನೂ ಕಲ್ತ್ಕೋ ಸ್ವಲ್ಪ."

ಸುದ್ದಿಯನ್ನು ಹೆಂಡತಿಗೆ ಮುಟ್ಟಿಸುವ ಪುಣ್ಯವನ್ನು ಟೈಪಿಸ್ಟ್ ಅಕ್ಕ ಕಟ್ಟಿಕೊಂಡರು. ಸಿಡುಕಪ್ಪ ಎಣ್ಣೆ ಬಳಿದುಕೊಂಡು ಜಾರುತ್ತ ಜಾರುತ್ತ ಫ್ಲೋಟ್ ಕೇಂದ್ರ ತಲುಪುವಷ್ಟರಲ್ಲಿ ಅವಳು ಮಗಳು ಈಜು ಕಲಿಯುವ, ಗಾಳಿ ತುಂಬಿದ ಬಾತುಕೋಳಿ ಟ್ಯೂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಈಜು ಬರದೋರಿಗೆ ಇದೆಲ್ಲ ಯಾಕ್ರೀ? ನೀವು ಮುಳುಗಿಹೋದ್ರೆ ನಾನು ಯಾರನ್ನ ಕೇಳ್ಲಿ? ಇದನ್ನ ಸೊಂಟಕ್ಕೆ ಹಾಕ್ಕೊಳಿ."

ಕೇಂದ್ರದ ಹುಡುಗಿ ಅವನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಸರ್, ಮೈಮೇಲೆ ಏನದು?"

"ರಕ್ಷಣೆ."

"ಸೋಪು ಹಚ್ಚಿ ಸ್ನಾನ ಮಾಡಿ ಸರ್, ನೀರು ಕೆಡುತ್ತೆ. ಇವತ್ತು ಗಡ್ಡ ಬೇರೆ ತೆಗೆದಿದೀರಾ?"

"ಸಂಜೆ ಮ್ಯಾನೇಜರ್ ನೋಡ್ಬೇಕಲ್ಲಮ್ಮ. ಎರಡೆರಡು ಸಲ ತೆಗೆದಿದೀನಿ."

"ಹಾಗಾದ್ರೆ ಕೆನ್ನೆ ಸ್ವಲ್ಪ ಉರಿಯುತ್ತೆ. ಗಾಬರಿ ಆಗ್ಬೇಡಿ."

ಅವಳು ಇನ್ನೂ ಏನೇನೋ ವಿವರಿಸಿದಳು. ಸಿಡುಕಪ್ಪ ತಲೆಯಾಡಿಸಿದನೇ ಹೊರತು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾರದೋ ಷಡ್ಡಕನ ಪಕ್ಕದ ಮನೆಯವರ ಅನುಭವದ ಮುಂದೆ, ದಿನವೂ ಅದೇ ಕೆಲಸ ಮಾಡುವವಳ ಮಾತಿಗೆ ಯಾವ ಬೆಲೆ? ಸ್ನಾನ ಮಾಡಿ, ಹುಡುಗಿ ಹೋದ ಮೇಲೆ ಟ್ಯೂಬು ಏರಿಸಿಕೊಂಡು, ಸೀಟಿ ಕಚ್ಚಿಕೊಂಡು ತೊಟ್ಟಿಗೆ ಇಳಿದು ಮುಚ್ಚಳ ಎಳೆದುಕೊಂಡ.

ಅಂಗಾತ ಮಲಗಿದ್ದೇ ತಡ, ಬಾತುಕೋಳಿ ತನ್ನ ಕೆಲಸ ಶುರುಮಾಡಿತು. ಹೊಟ್ಟೆ ಮೇಲೇರಿತು, ತಲೆ ಕೆಳಗಿಳಿಯಿತು. ಉಪ್ಪು ನೀರು ಕಣ್ಣಿಗೆ ನುಗ್ಗಿತು. ಕೆನ್ನೆ ಧಗಧಗ ಉರಿಯತೊಡಗಿತು. ಸೌತೆಕಾಯಿ ನೀರು ಬಿಡುವುದು ಹೀಗೇ ಇರಬೇಕೆಂದು ಅನಿಸಿದ ಕೂಡಲೇ ಜೀವ ಬಾಯಿಗೆ ಬಂತು. ಆದರೆ ಬಾಯಲ್ಲಿ ಸೀಟಿಯಿತ್ತು. ಊದಿದ. ಮುಚ್ಚಿದ ತೊಟ್ಟಿಯೊಳಗೆ ಆ ಸದ್ದಿಗೆ ಅವನ ಕಿವಿಯೇ ಗುಂಯ್‌ಗುಟ್ಟಿತು.

"ಹೋದ್ರು! ಹೋಗೇಬಿಟ್ರು!" ಎಂದು ಹೆಂಡತಿ ಒಳಗೆ ನುಗ್ಗಿದಳು. ಅವಳು ಮುಟ್ಟಿದ್ದಷ್ಟೇ, ಮುಚ್ಚಳ ತಾನಾಗಿ ಮೇಲೆದ್ದಿತು. ಪಕ್ಕದ ಕೋಣೆಯ ದಢೂತಿ ಗಿರಾಕಿಯೊಬ್ಬರು ಟವೆಲ್ಲಿನಲ್ಲೇ ಓಡಿಬಂದು "ಬೆಂಕಿ ಎಲ್ಲಿ?" ಅಂದರು. ಹೆಂಡತಿ ಗಂಡನ ಕಾಲು ಹಿಡಿದು ಎಳೆಯುತ್ತಿದ್ದಳು, ತಲೆ ಇನ್ನಷ್ಟು ಮುಳುಗುತ್ತಿತ್ತು.

"ಅವರ ಕಾಲು ಬಿಡಿ ಮೇಡಂ. ಸರ್, ಎದ್ದು ಕೂತ್ಕೊಳಿ," ಅಂದಳು ಓಡಿಬಂದ ಹುಡುಗಿ.

"ಮುಳುಗ್ತಾ ಇದೀನಮ್ಮ!"

"ಮೊದಲು ಕೂತ್ಕೊಳಿ ಸರ್."

ಕೂತ. ನೀರು ಹೊಕ್ಕುಳದವರೆಗೂ ಬರಲಿಲ್ಲ. ಇದ್ದದ್ದೇ ಒಂದು ಗೇಣು.

"ಮುಳುಗ್ಬೇಕು ಅಂದ್ರೂ ಈ ಉಪ್ಪು ಬಿಡಲ್ಲ ಸರ್. ನಿಮ್ಮನ್ನ ಮುಳುಗಿಸ್ತಾ ಇದ್ದಿದ್ದು ಆ ಬಾತುಕೋಳಿ. ಮುಚ್ಚಳಕ್ಕೆ ಚಿಲಕಾನೇ ಇಲ್ಲ, ನೋಡಿ." ಹುಡುಗಿ ಒಂದು ಬೆರಳಿನಿಂದ ಮುಚ್ಚಳವನ್ನು ಆಡಿಸಿ ತೋರಿಸಿ, ಸೀಟಿಯನ್ನೂ ಟ್ಯೂಬನ್ನೂ ಕಿತ್ತುಕೊಂಡಳು.

"ಇಷ್ಟು ನೀರಿಗಾ ನಾನು ಅಷ್ಟೊಂದು ಅತ್ತಿದ್ದು?" ಎಂದು ಹೆಂಡತಿ ಹೊರಗಿನ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಳು.

ಮತ್ತೆ ಮುಚ್ಚಳ ಮುಚ್ಚಿತು. ಸಿಡುಕಪ್ಪ ನಾಚಿಕೆಯಿಂದಲೇ ಒರಗಿದ. ಈ ಸಲ ನೀರು ಅವನನ್ನು ಹೂವಿನ ಹಾಗೆ ಎತ್ತಿ ಹಿಡಿಯಿತು. ಕತ್ತಿನ ಗಂಟು ಬಿಚ್ಚಿಕೊಂಡಿತು. ಯಾರೂ ಕೂಗಲಿಲ್ಲ, ಯಾರೂ ಮಿಕ್ಸಿ ತೋರಿಸಲಿಲ್ಲ. ವರ್ಷಗಳಿಂದ ಒಳಗೆ ಬಿಗಿದಿಟ್ಟಿದ್ದದ್ದೆಲ್ಲ ಕರಗಿ, ಅವನಿಗೆ ಸುಮ್ಮನೆ ಅಳು ಬಂತು. ಇಷ್ಟು ಸುಖ ತನ್ನ ಹಣೆಯಲ್ಲೂ ಬರೆದಿತ್ತೇ ಎಂದು ಅವನು ಬೆರಗಾದ.

ಸಂಜೆ ಕಚೇರಿಗೆ ಮರಳಿದಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೆಂಡತಿಯನ್ನು ಬಸ್ ನಿಲ್ದಾಣದಲ್ಲಿ ಕೂರಿಸಿ ಬಂದಿದ್ದ. ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೆಟ್ಟ ಮಿಕ್ಸಿಯನ್ನು ತಬ್ಬಿಕೊಂಡು ಕೂತಿದ್ದಳು.

"ಒಳಗೆ ಹೋಗೋಕೆ ಭಯ ಆಗುತ್ತಪ್ಪ. ಅಲ್ಲೊಬ್ಬ ಮೈಮೇಲೇ ಬರ್ತಾನೆ."

"ಅವನು ಸತ್ತುಹೋದ ಅಂದ್ಕೊಳಿ ಅಮ್ಮ," ಎಂದು ಸಿಡುಕಪ್ಪ ತನ್ನ ಬಗ್ಗೆಯೇ ಹೇಳಿ ನಕ್ಕ. ಹಿಂದಿನ ಬಾಗಿಲಿನಿಂದ ಉಗ್ರಾಣಕ್ಕೆ ಹೋಗಿ ಹೊಸ ಮಿಕ್ಸಿ ತಂದು ಅವಳ ಕೈಗಿಟ್ಟ. ಮುದುಕಿ ನೂರು ವರ್ಷ ಬಾಳು ಎಂದು ಹರಸಿದಳು. ಮ್ಯಾನೇಜರು ಕಿಟಕಿಯಿಂದ ಎಲ್ಲವನ್ನೂ ನೋಡಿದರು.

"ಏನ್ರೀ ಆಯ್ತು ನಿಮಗೆ?" ಒಳಗೆ ಕಾಲಿಟ್ಟ ಕೂಡಲೇ ಅವರು ಕೇಳಿದರು.

"ಸಿಟ್ಟು ಪೂರ್ತಿ ಹೋಯ್ತು ಸರ್. ಬೆಳಿಗ್ಗೆ ನೀವೇ ಹೇಳಿದ್ರಲ್ಲ."

"ಹೋಗ್ಲಿ ಅಂತ ಯಾವಾಗ್ರೀ ಹೇಳಿದ್ದೆ? ಆ ಸಿಟ್ಟು ನೋಡೇ ನಿಮ್ಮ ಹೆಸರು ಬರೆದಿದ್ದು! ನಿಮಗೆ ಹೆದರಿ ಅರ್ಧ ಜನ ದೂರೇ ಕೊಡದೆ ವಾಪಸ್ ಹೋಗ್ತಿದ್ರು. ಎಲ್ಲಾ ಶಾಖೆಗಿಂತ ನಮ್ಮಲ್ಲೇ ದೂರು ಕಡಿಮೆ ಅಂತ ನನಗೆ ಬಹುಮಾನ ಬಂದಿದೆ. ರಿಪೇರಿಗೆ ಖರ್ಚಾಗುತ್ತೆ, ಬೈಗುಳಕ್ಕೆ ಏನ್ರೀ ಖರ್ಚು? ಉಳಿದ ಕೌಂಟರಿನವರಿಗೂ ಕಲಿಸಿಕೊಡಿ ಅಂತ ಹೇಳೋಕೆ ಕರೆದಿದ್ದೆ. ನೀವು ನೋಡಿದ್ರೆ ದಾನ ಮಾಡ್ತಾ ಕೂತಿದೀರಿ!"

ಅದೇ ಹೊತ್ತಿಗೆ ಕೌಂಟರಿನ ಕಡೆಯಿಂದ ಒಂದು ಗರ್ಜನೆ ಕೇಳಿತು. "ಯಾವನ್ರೀ ನಿಮಗೆ ಮಿಕ್ಸಿ ಕೊಂಡ್ಕೊಳಿ ಅಂದಿದ್ದು? ಕೈಯಲ್ಲಿ ರುಬ್ಕೊಳ್ಳೋಕೆ ಏನು ಧಾಡಿ? ನಡೀರಿ ಆಚೆ!"

ಕೆದರಿದ ಕೂದಲು, ಕಿತ್ತುಹೋದ ಗುಂಡಿ, ಕೆಂಡದಂಥ ಕಣ್ಣು. ಮೇಜು ಗುದ್ದುತ್ತ ನಿಂತಿದ್ದವನು ಸಮಾಧಾನ. ಕೌಂಟರು ಅವನನ್ನು ಒಂದೇ ಮಧ್ಯಾಹ್ನದಲ್ಲಿ ಮನುಷ್ಯನನ್ನಾಗಿ ಮಾಡಿತ್ತು.

"ಕೇಳಿಸ್ತಾ?" ಮ್ಯಾನೇಜರು ಕಣ್ಣು ಮುಚ್ಚಿ ಸಂಗೀತ ಕೇಳುವವರಂತೆ ತಲೆದೂಗಿದರು. "ನಾಳೆಯಿಂದ ಅವರೇ ಮುಖ್ಯಸ್ಥರು. ನೀವು ಅವರ ಕೈಕೆಳಗೆ, ಅದೇ ಕೌಂಟರಿನಲ್ಲಿ."

ಸಿಡುಕಪ್ಪ ಬಾಯಿ ತೆರೆದ. ಇಷ್ಟು ವರ್ಷದ ಸಿಟ್ಟನ್ನು ಕಾರಬೇಕಾದದ್ದು ಈಗಲೇ ಎಂದು ಅವನಿಗೂ ಗೊತ್ತಿತ್ತು. ಆದರೆ ಹಾಳು ಮನಸ್ಸು ಇನ್ನೂ ತೇಲುತ್ತಲೇ ಇತ್ತು.

"ತುಂಬಾ ಸಂತೋಷ ಸರ್," ಎಂದು ಮುಗುಳ್ನಕ್ಕು ಹೊರಗೆ ಬಂದ.

ಬಸ್ ನಿಲ್ದಾಣದಲ್ಲಿ ಹೆಂಡತಿಗೆ ನಡೆದದ್ದನ್ನು ಹೇಳುತ್ತಿದ್ದಂತೆ ಅವನ ಕತ್ತು ಬಿಗಿಯಿತು. ಕಿವಿ ಬಿಸಿಯಾಯಿತು. ಅಂಗಾಲಿನಿಂದ ಹೊರಟ ಸಿಟ್ಟು ನೆತ್ತಿಗೇರಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ದಿಕ್ಕಾಪಾಲಾಗುವ ಹಾಗೆ ಅವನು ಅಬ್ಬರಿಸಿದ. ಅಷ್ಟು ಭವ್ಯವಾಗಿ ಅವನು ಎಂದೂ ಕೂಗಿರಲಿಲ್ಲ.

ಹೆಂಡತಿ ಮಾತ್ರ ಕದಲಲಿಲ್ಲ. ಅವನು ಉಸಿರೆಳೆಯಲು ನಿಲ್ಲುವವರೆಗೂ ಕಾದು, ಅವನಿಗಿಂತ ಜೋರಾಗಿ ಕೂಗಿದಳು:

"ಇದನ್ನೇ ಅಲ್ಲಿ ಕೂಗೋಕೆ ಏನಾಗಿತ್ರೀ ನಿಮಗೆ?"