ನಮ್ಮ ಮನೆಯ ಸಸ್ಯಾಹಾರಿ ಕೋವಿ

ನಮ್ಮ ಯಜಮಾನರು ತೀರಿಕೊಳ್ಳುವ ಹಿಂದಿನ ದಿನ ನಾನು ಅವರೊಡನೆ ಜಗಳವಾಡಿದ್ದೆ. ದೊಡ್ಡ ವಿಷಯವೇನಲ್ಲ, ಒಂದು ನೀಲಿ ನೂಲಿನ ಸೀರೆ. ಹಳೆಯದು ನಿಜ, ಆದರೆ ನೂಲಿನ ಸೀರೆ ಹಳೆಯದಾದಷ್ಟೂ ಮೈಗೆ ಹಿತವಾಗುತ್ತದೆ ಎಂಬುದು ಗಂಡಸರಿಗೆ ತಿಳಿಯುವುದಿಲ್ಲ. ಜಗಲಿಯ ಮೇಲೆ ಕೂತು, ನನ್ನದೇ ಕತ್ತರಿಯಿಂದ, ಅದನ್ನು ಚೂರು ಚೂರು ಮಾಡುತ್ತಿದ್ದರು. "ರೀ, ನಿಮ್ಮ ಕೋವಿಗೆ ನನ್ನ ಎಷ್ಟು ಸೀರೆ ತಿಂದ್ರೆ ಹೊಟ್ಟೆ ತುಂಬುತ್ತೆ?" ಎಂದೆ. "ಅದು ಸೀಸ ತಿನ್ನಲ್ವಲ್ಲೇ ಪಾಪ, ಸೀರೆನಾದ್ರೂ ತಿನ್ಲಿ ಬಿಡು" ಎಂದರು. ಸಂಜೆ ಹೊಲಕ್ಕೆ ಹೋಗಿ ಹಂದಿ ಬೆದರಿಸಲು ಒಂದು ಸಲ ಕೋವಿ ಹಾರಿಸಿದರು. ಮನೆಗೆ ಬಂದು, ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿ, ಕಾಲು ತೊಳೆಯುತ್ತಾ ಎಂದಿನಂತೆ "ಕೇಳಿಸ್ತೇನೇ?" ಎಂದರು. ನಾನೂ ಎಂದಿನಂತೆ ಒಳಗಿನಿಂದ "ಕೇಳಿಸ್ತು ಕಣ್ರೀ" ಎಂದೆ. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಮೇಲೇಳಲಿಲ್ಲ.

ಈ ಕೋವಿಯ ಜಾತಕವನ್ನು ಸ್ವಲ್ಪ ಹೇಳಬೇಕು. ಅದು ಹುಟ್ಟಾ ಬೇಟೆಯ ಕೋವಿ. ತರೀಕೆರೆಯ ಒಬ್ಬ ಶಿಕಾರಿಯ ಕೈಯಲ್ಲಿದ್ದಾಗ ಎಷ್ಟು ಜೀವ ತೆಗೆದಿತ್ತೋ ಶಿವನೇ ಬಲ್ಲ. ಅವನಿಗೆ ವಯಸ್ಸಾಗಿ ಕಣ್ಣು ಮಂಜಾದ ಮೇಲೆ ನಮ್ಮ ಯಜಮಾನರ ತಾತ ಅದನ್ನು ಬೆಳೆ ಕಾಯಲು ಕೊಂಡು ತಂದರಂತೆ. ಲಿಂಗ ಕಟ್ಟಿದವರ ಮನೆಗೆ ಕೋವಿ ಬಂತೆಂದು ಊರೆಲ್ಲ ಆಡಿಕೊಂಡಿತು. ತಾತ ಅದನ್ನು ಹೆಗಲಿಗೇರಿಸಿಕೊಂಡು ಸೀದಾ ಮಠಕ್ಕೇ ಹೋದರು. ಆಗಿನ ಹಿರಿಯ ಸ್ವಾಮಿಗಳು ಕೋವಿಯನ್ನು ಹಿಂದೆ ಮುಂದೆ ನೋಡಿ, "ಸದ್ದು ಮಾಡ್ಲಿ, ಸಾವು ಮಾಡೋದು ಬೇಡ" ಎಂದು ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಕಳಿಸಿದರಂತೆ. ಅಂದಿನಿಂದ ಅದರ ಬಾಯಿಗೆ ಸೀಸದ ಗುಂಡು ಬಿದ್ದಿಲ್ಲ. ಬೇರೆಯವರ ಕೋವಿಗೆ ಮದ್ದು, ಬಟ್ಟೆ, ಮೇಲೊಂದು ಗುಂಡು. ನಮ್ಮದಕ್ಕೆ ಮದ್ದು ಮತ್ತು ಬಟ್ಟೆ, ಅಷ್ಟೇ. ಆಯುಧಪೂಜೆಯ ದಿನ ಅದರ ಮುಂದೆ ಹೋಳಿಗೆ ಇಟ್ಟಾಗ, ಅದು ಮನಸ್ಸಿನಲ್ಲಿ ಏನೆಂದುಕೊಳ್ಳುತ್ತದೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಯಜಮಾನರು ಹೋದ ಮೇಲೆ ಕೋವಿಯೂ ಪೊಲೀಸ್ ಸ್ಟೇಷನ್ ಸೇರಿತು. ಪರವಾನಗಿ ಅವರ ಹೆಸರಿನಲ್ಲಿತ್ತು. ಬಿಟ್ಟುಬಿಡಿ ಎಂದವರೇ ಹೆಚ್ಚು. ನನಗೆ ಏನು ಹಟ ಬಂತೋ, ನನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದೆ. ಅಜ್ಜಂಪುರದ ಬಸ್ಸು, ತರೀಕೆರೆಯ ಬಸ್ಸು, ಎರಡರ ಕಂಡಕ್ಟರುಗಳಿಗೂ ನನ್ನ ಮುಖ ಪರಿಚಯವಾಗುವಷ್ಟು ಓಡಾಡಿದೆ. ಕೊನೆಗೆ ಪರವಾನಗಿ ಕೊಡುವ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, "ಅಮ್ಮಾ, ನಿಮಗೆ ಕೋವಿ ಹೊಡೆದು ಅಭ್ಯಾಸ ಇದೆಯೇನಮ್ಮ?" ಎಂದರು. "ಮೂವತ್ತು ವರ್ಷದಿಂದ ಕೇಳಿ ಅಭ್ಯಾಸ ಇದೆ ಸಾರ್" ಎಂದೆ. ಅವರು ನಕ್ಕರು. ಒಂದಿಷ್ಟು ತರಬೇತಿ ಆಯಿತು, ಕಾಗದವೂ ಬಂತು. ಕೋವಿಯನ್ನು ಬಿಡಿಸಿಕೊಳ್ಳಲು ಹೋದಾಗ ಅದರ ಕುತ್ತಿಗೆಗೆ ಕಟ್ಟಿದ್ದ ಚೀಟಿಯಲ್ಲಿ ಇನ್ನೂ ಅವರ ಹೆಸರೇ ಇತ್ತು. ಚೀಟಿಯನ್ನು ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡೆ.

ಕಷ್ಟ ಶುರುವಾದದ್ದು ಆಮೇಲೆ. ಪಕ್ಕದ ಹೊಲದ ರುದ್ರಣ್ಣ ನನ್ನನ್ನು ಅತ್ತಿಗೆ ಎನ್ನುತ್ತಾನೆ. ಆ ಸಲಿಗೆಯಿಂದ ಮುಖಕ್ಕೆ ಹೊಡೆದಂತೆ ಮಾತಾಡುತ್ತಾನೆ. "ಅತ್ತಿಗೆ, ಜೋಳ ತೆನೆ ಕಟ್ತಾ ಐತೆ. ಹಾಲು ತುಂಬೋದ್ರೊಳಗೆ ನಿಮ್ ಕೋವಿ ಬಾಯಿ ಬಿಡ್ಲಿಲ್ಲ ಅಂದ್ರೆ ನಿಮ್ದೂ ಹೋಯ್ತು, ನಂದೂ ಹೋಯ್ತು. ಆಮೇಲೆ ಅದನ್ನ ವಾಪಸ್ ಸ್ಟೇಷನ್‌ಗೆ ಕೊಟ್ಬಿಡಿ, ಸುಮ್ನೆ ಗೋಡೆಗೆ ನಿಲ್ಸೋಕೆ ಕೋವಿ ಯಾಕೆ?" ಎಂದ. ರೋಷದಲ್ಲಿ "ಹಂಗೇ ಆಗ್ಲಿ ಕಣೋ" ಎಂದುಬಿಟ್ಟೆ.

ಮೊದಲ ದಿನ, ನಾದಿನಿ ಗೃಹಪ್ರವೇಶಕ್ಕೆ ಕೊಟ್ಟಿದ್ದ ಪಾಲಿಯೆಸ್ಟರ್ ಸೀರೆಯನ್ನು ಬಲಿ ಕೊಟ್ಟೆ. ಅದನ್ನು ಹರಿಯುವಾಗ ಆದ ಸಂತೋಷವನ್ನು ಇಲ್ಲಿ ಬರೆದರೆ ನಾದಿನಿ ಓದಿಯಾಳು. ಮದ್ದು ಹಾಕಿ, ಬಟ್ಟೆ ತುರುಕಿ, ಗಜವೆಂಬ ಕಬ್ಬಿಣದ ಸರಳಿನಿಂದ ಜಡಿದು, ದೇವರನ್ನು ನೆನೆದು ಕೋವಿಯ ಕುದುರೆ ಎಳೆದೆ. "ಫುಸ್" ಎಂದಿತು. ಪ್ಲಾಸ್ಟಿಕ್ ಸುಟ್ಟ ನಾತ. ಜೋಳದ ನಡುವಿನಿಂದ ಒಂದು ಹಂದಿ ತಲೆಯೆತ್ತಿ ನೋಡಿ ಮತ್ತೆ ಊಟಕ್ಕೆ ಕೂತಿತು. "ಅತ್ತಿಗೆ, ಕೋವಿಗೆ ಕೆಮ್ಮು ಹಿಡಿದೈತೆ, ಕಷಾಯ ಕೊಡ್ರಿ" ಎಂದು ಬದುವಿನಿಂದ ರುದ್ರಣ್ಣ ಕೂಗಿದ.

ಎರಡನೆಯ ಸಲ ನನ್ನದೇ ಬುದ್ಧಿ ಓಡಿಸಿದೆ. ಸೀಸ ಬೇಡವೆಂದರೆ ಹುರುಳಿ ಆಗಬಹುದಲ್ಲ, ಅದೂ ಸಸ್ಯಾಹಾರವೇ, ಎಂದು ಒಂದು ಹಿಡಿ ಹುರುಳಿಕಾಳು ಸುರಿದೆ. ಸದ್ದು ಅಷ್ಟಕ್ಕಷ್ಟೇ. ಮುಂದಿನ ವಾರ ಹದ ಮಳೆ ಬಿತ್ತು. ಬದುವಿನುದ್ದಕ್ಕೂ ಅಲ್ಲೊಂದು ಇಲ್ಲೊಂದು ಹುರುಳಿ ಮೊಳೆತಿತ್ತು. ರುದ್ರಣ್ಣ ಬಗ್ಗಿ ನೋಡಿ, "ಬಿತ್ತನೆಗೆ ಇನ್ಮೇಲೆ ಕೂರಿಗೆ ಬೇಡ ಬಿಡ್ರಿ. ನಮ್ ಹೊಲಕ್ಕೂ ಎರಡು ಈಡು ಹೊಡ್ಕೊಟ್ಬಿಡಿ ಅತ್ತಿಗೆ" ಎಂದು ನೆಲದ ಮೇಲೆ ಕೂತು ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಯಜಮಾನರು ಹೋದ ಮೇಲೆ ನಾನು ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ತೆನೆಗೆ ಹಾಲು ತುಂಬತೊಡಗಿತ್ತು. ಕೋವಿಯ ಕೆಮ್ಮಿಗೆ ಔಷಧಿ ಎಲ್ಲಿದೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ. ಅಲ್ಲಿಟ್ಟವಳು ನಾನೇ, ತೆಗೆಯಲು ಮನಸ್ಸು ಬಂದಿರಲಿಲ್ಲ. ತೆಗೆದೆ. ಲೋಟ ಬೋರಲು ಹಾಕಿ, ಪೆನ್ಸಿಲಿನಲ್ಲಿ ಗೀಚಿ, ಗುಂಡಗೆ ಕತ್ತರಿಸಿದ ನೀಲಿ ಚೂರುಗಳು ರೊಟ್ಟಿ ಪೇರಿಸಿದ ಹಾಗೆ ಕೂತಿದ್ದವು. ಸೆರಗನ್ನು ಮಾತ್ರ ಕತ್ತರಿಸದೆ ಮಡಿಸಿಟ್ಟಿದ್ದರು. ನನ್ನ ಬೈಗುಳಕ್ಕೆ ಹೆದರಿಯೋ, ಪುರಸೊತ್ತಾಗದೆಯೋ ತಿಳಿಯದು. ಹೆದರಿ ಎಂದೇ ನಾನು ನಂಬಿಕೊಂಡಿದ್ದೇನೆ.

ಆ ಸಂಜೆ ಒಂದು ನೀಲಿ ಚೂರು ಹಾಕಿ ಜಡಿದೆ. ಗಜ "ಟಣ್" ಎಂದು ಮೇಲಕ್ಕೆ ಪುಟಿಯಿತು. ನೂಲು ಬಿಗಿಯಾಗಿ ಕೂತಿತ್ತು. ಅವರು ಜಗಲಿಯಲ್ಲಿ ಜಡಿಯುವಾಗ ಅಡಿಗೆಮನೆಯವರೆಗೂ ಬರುತ್ತಿದ್ದ ಟಣ್ ಅದೇ. ಹೊಡೆದೆ. ಢಂ! ಹಂದಿಗಳು ಸಂಸಾರ ಸಮೇತ ಕಾವಲಿನ ಹುಲ್ಲುಗಾಡಿನ ಕಡೆ ಓಡಿದವು. ಮರದಲ್ಲಿದ್ದ ನವಿಲುಗಳು ಒಟ್ಟಿಗೇ ಕೂಗಿಕೊಂಡವು. ರುದ್ರಣ್ಣ ಟವೆಲ್ ಬೀಸಿ, "ಅಣ್ಣನೇ ಬಂದ್ರೇನೋ ಅನ್ಕಂಡೆ ಕಣ್ರೀ ಅತ್ತಿಗೆ! ಇನ್ನು ಸ್ಟೇಷನ್ ಮಾತು ಎತ್ತಲ್ಲ" ಎಂದ. ಭುಜ ನೋಯುತ್ತಿತ್ತು, ಮುಖವೆಲ್ಲ ಮಸಿ. ಸ್ಕೂಲಿನಲ್ಲಿ ಬಹುಮಾನ ಬಂದವಳ ಹಾಗೆ ಮನೆಗೆ ನಡೆದೆ.

ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿದೆ. ಕಾಲು ತೊಳೆಯುತ್ತಾ, ಯೋಚನೆಯೇ ಇಲ್ಲದೆ, "ಕೇಳಿಸ್ತೇನ್ರೀ?" ಎಂದುಬಿಟ್ಟೆ.

ಓದುಗರಲ್ಲಿ ಒಂದು ತಪ್ಪೊಪ್ಪಿಗೆ ಬಾಕಿ ಇದೆ. ಆ ಮೂವತ್ತು ವರ್ಷಗಳಲ್ಲಿ ಅರ್ಧಕ್ಕರ್ಧ ದಿನ ನನಗೆ ಆ ಸದ್ದು ಕೇಳಿಸಿರಲೇ ಇಲ್ಲ. ಮಿಕ್ಸಿ ಹಾಕಿರುತ್ತಿದ್ದೆ, ಇಲ್ಲವೇ ಟಿ.ವಿ. ನೋಡುತ್ತಿದ್ದೆ. ಆದರೂ ತಪ್ಪದೆ "ಕೇಳಿಸ್ತು ಕಣ್ರೀ" ಎನ್ನುತ್ತಿದ್ದೆ. ಈಗ ಕೋವಿ ಇದೆ, ಡಬ್ಬದಲ್ಲಿ ಬಟ್ಟೆ ಇದೆ, ಜೋಳವೂ ಉಳಿಯಿತು. ನನಗೆ ಅಂಥದೊಂದು ಸುಳ್ಳು ಹೇಳುವವರು ಮನೆಯಲ್ಲಿಲ್ಲ.