ಹಸಿವೆಗೆ ಕಾಲಮ್ ಇಲ್ಲ

ಮುಂಬಯಿ ಫೋರ್ಟಿನ ಸುಮುಹೂರ್ತ ಪತ್ತಿನ ಸಹಕಾರಿ ಸಂಘದ ಸಿಬ್ಬಂದಿಯೆಲ್ಲರೂ ಜುಲೈ ಒಂದರಿಂದ ತಮ್ಮ ತಮ್ಮ ಶರೀರದ ಮಾತು ಕೇಳತಕ್ಕದ್ದೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಅಲ್ಲಿಯವರೆಗೆ ಅವರು ಮ್ಯಾನೇಜರ ಮಾತನ್ನಷ್ಟೇ ಕೇಳುತ್ತಿದ್ದರು.

ಮ್ಯಾನೇಜರ್ ಕೇಶವಮೂರ್ತಿ ಹತ್ತು ದಿನ ಪ್ರಕೃತಿ ಚಿಕಿತ್ಸೆಯ ಆಶ್ರಮವೊಂದರಲ್ಲಿದ್ದು, ನಾಲ್ಕು ಕಿಲೋ ತೂಕವನ್ನು ಅಲ್ಲೇ ಬಿಟ್ಟು, ಅಷ್ಟೇ ತೂಕದ ಜ್ಞಾನ ಹೊತ್ತು ತಂದಿದ್ದರು. ಬಂದ ಮರುದಿನವೇ ಸುತ್ತೋಲೆ ಹೊರಟಿತು:

"ಶರೀರವು ತನಗೆ ಬೇಕಾದ ನೈಸರ್ಗಿಕ ಆಹಾರವನ್ನು ಬಯಕೆಯ ಮೂಲಕ ತಿಳಿಸುತ್ತದೆ. ಆದ್ದರಿಂದ ಸಿಬ್ಬಂದಿಯು ತಮ್ಮ ಶರೀರದ ಬಯಕೆಯನ್ನು ನಿಗದಿತ ನಮೂನೆಯಲ್ಲಿ ಬೆಳಿಗ್ಗೆ ಹನ್ನೊಂದರೊಳಗೆ ಸಲ್ಲಿಸತಕ್ಕದ್ದು. ಮಂಜೂರಾದ ಬಯಕೆಯನ್ನು ಮಾತ್ರ ತಿನ್ನತಕ್ಕದ್ದು. ಎಣ್ಣೆಯಲ್ಲಿ ಕರಿದ ಬಯಕೆಗಳನ್ನು ಪರಿಶೀಲಿಸಲಾಗುವುದಿಲ್ಲ."

ಕ್ಯಾಂಟೀನಿನ ಬಾಣಲೆಗೆ ಇಬ್ಬರು ಸಾಕ್ಷಿಗಳೆದುರು ಅರಗಿನ ಮುದ್ರೆ ಬಿತ್ತು.

ಆವಕ ವಿಭಾಗದ ಅಣವೀರಪ್ಪ ಇದು ತನಗೆ ಸಂಬಂಧಿಸಿದ್ದಲ್ಲ ಅಂದುಕೊಂಡ. ಸಂಘಕ್ಕೆ ಬರುವ ಪ್ರತಿ ಕಾಗದಕ್ಕೂ ನಂಬರ್ ಕೊಟ್ಟು, ವಿಷಯ ಬರೆದು, ಠಸ್ಸೆ ಒತ್ತುವುದು ಅವನ ಕೆಲಸ. ವಿಜಯಪುರ ಬಿಟ್ಟು ಮೂವತ್ತೊಂದು ವರ್ಷವಾದರೂ ಅವನ ಹೊಟ್ಟೆ ಮಾತ್ರ ಊರು ಬಿಟ್ಟಿರಲಿಲ್ಲ. ಮುಲುಂಡಿನ ಮನೆಯಿಂದ ಹೆಂಡತಿ ಗಂಗೂಬಾಯಿ ಕಟ್ಟಿ ಡಬ್ಬಾವಾಲಾನ ಕೈಲಿ ಕಳಿಸಿದ ಡಬ್ಬಿ ಹನ್ನೆರಡೂ ಮುಕ್ಕಾಲಕ್ಕೆ ಮೇಜಿಗೆ ಬರಬೇಕು, ಒಂದಕ್ಕೆ ಸರಿಯಾಗಿ ಮುಚ್ಚಳ ತೆರೆಯಬೇಕು. ಮೂರು ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಮಳೆಗೆ ಮುಂಬಯಿ ಮುಳುಗಿದ ವರ್ಷವೂ ಇದು ತಪ್ಪಿರಲಿಲ್ಲ. ಆ ಒಂದು ಗಂಟೆಗಾಗಿಯೇ ಅವನು ಉಳಿದ ಏಳು ಗಂಟೆಗಳನ್ನು ಸಹಿಸಿಕೊಳ್ಳುತ್ತಿದ್ದ.

ಜುಲೈ ಒಂದರಂದು ಮುಚ್ಚಳ ತೆರೆದದ್ದೇ ತಡ, ಆರೋಗ್ಯ ಕಾರ್ಯಕ್ರಮದ ಉಸ್ತುವಾರಿ ವೈಶಾಲಿ ಬಂದು ನಿಂತಳು. ಮುಂಬಯಿಯಲ್ಲೇ ಹುಟ್ಟಿದ ಹುಡುಗಿ. ಅವಳ ಕನ್ನಡ ಮೂರು ಭಾಷೆಗಳಲ್ಲಿತ್ತು.

"ಕಾಕಾ, ಇದಕ್ಕ ಮಂಜೂರಿ ಅದ ಕ್ಯಾ?"

"ರೊಟ್ಟಿಗಿ ಎಂಥಾ ಮಂಜೂರಿ ತಂಗಿ?"

"ನಿಮ್ಮ ಬಾಡಿ ಇದನ್ನ ಕೇಳಿತ್ತಾ?"

"ನನ್ನ ಬಾಡಿ ಏನೂ ಕೇಳೂದಿಲ್ಲವಾ. ಗಂಗೂಬಾಯಿ ಕಟ್ಟತಾಳ, ನಾ ಉಣತೀನಿ. ಈಗ ಹಸಿವಿ ಆಗೇತಿ."

ವೈಶಾಲಿ ಕೆಟ್ಟವಳಲ್ಲ. ನಮೂನೆಯನ್ನು ಹಿಂದೆ ಮುಂದೆ ತಿರುವಿ ಹುಡುಕಿದಳು. "ಸಾರಿ ಕಾಕಾ. ಭೂಕ್‌ಗೆ ಕಾಲಮ್ ಇಲ್ಲ."

ಹೀಗಾಗಿ ಡಬ್ಬಿ ಜಪ್ತಾಯಿತು. ಜಪ್ತಾದ ವಸ್ತು ಆವಕ ವಿಭಾಗಕ್ಕೇ ಬರಬೇಕಾದ್ದರಿಂದ ಅದನ್ನು ಅಣವೀರಪ್ಪನೇ ಸ್ವೀಕರಿಸಿ, ನಂಬರ್ ಕೊಟ್ಟು, ಕಪಾಟಿನಲ್ಲಿಟ್ಟು ಬೀಗ ಹಾಕಿದ. ನಮೂನೆ ತುಂಬಿಕೊಟ್ಟು ಮಂಜೂರಿ ಸಿಕ್ಕಾಗ ಸಂಜೆ ಐದು. ಪಲ್ಯ ಹಳಸಿತ್ತು. ಅವನಿಗೆ ಅಳುವೇ ಬಂದಂತಾಯಿತು, ಆದರೆ ಲೋಕಲ್ ಹಿಡಿಯಬೇಕಿತ್ತು.

ಮರುದಿನ ಮ್ಯಾನೇಜರ ಹತ್ತಿರ ಹೋದ. ಅವರು ಹಸಿ ಸೋರೆಕಾಯಿಯ ಹೋಳು ಅಗಿಯುತ್ತಿದ್ದರು. ಅಗಿದು ಮುಗಿಯುವವರೆಗೆ ಕಾಯಬೇಕಾಯಿತು.

"ಹಸಿವು ಯಾರಿಗಾದ್ರೂ ಆಗತ್ತೆ ಅಣವೀರಪ್ಪನೋರೇ, ಬೀದಿನಾಯಿಗೂ ಆಗತ್ತೆ. ಬಯಕೆ ಅನ್ನೋದು ವಿಶೇಷವಾದ್ದು. ಕಣ್ಮುಚ್ಚಿ ಕೂತ್ಕೊಳ್ಳಿ, ಶರೀರ ತಾನೇ ಹೇಳತ್ತೆ."

ಅಣವೀರಪ್ಪ ಕಣ್ಣು ಮುಚ್ಚಿ ಕೂತ. ಹೆಸರುಕಾಳಿನ ಪಲ್ಯ ಅನ್ನಿಸಿತು, ಹಾಗೇ ಬರೆದುಕೊಟ್ಟ. ಡಬ್ಬಿಯಲ್ಲಿ ಪುಂಡಿಪಲ್ಯ ಬಂತು. ಬಯಕೆಗೂ ಡಬ್ಬಿಗೂ ತಾಳೆಯಾಗದ್ದರಿಂದ ಮತ್ತೆ ಜಪ್ತಿ. ಮೂರನೆಯ ದಿನ ಪುಂಡಿಪಲ್ಯ ಬಯಸಿದ, ಝುಣಕ ಬಂತು. ಹೀಗೆ ಒಂದು ವಾರ ಅವನು ಡಬ್ಬಿಗೆ ನಂಬರ್ ಕೊಡುತ್ತಾ, ನೀರು ಕುಡಿಯುತ್ತಾ ಕಳೆದ. ಪ್ಯಾಂಟು ಸಡಿಲಾಯಿತು. ಕಾರ್ಯಕ್ರಮ ಫಲ ಕೊಡುತ್ತಿದೆ ಎಂದು ವರದಿಯಾಯಿತು.

ಎಂಟನೆಯ ದಿನ ಬೆಳಿಗ್ಗೆ ಆಫೀಸಿನ ಜಿನೆಯ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಹಚ್ಚಿದ.

"ಇವತ್ತ ನನ್ನ ಶರೀರಕ್ಕ ಏನ್ ಬಯಕಿ ಆಗೇತಿ?"

ಆ ಕಡೆ ಗಂಗೂಬಾಯಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಐವತ್ತೇಳಕ್ಕ ಬಯಕಿ ಹತ್ತ್ಯಾವೇನ್ರಿ ನಿಮಗ? ಎಷ್ಟನೇ ತಿಂಗಳ?"

"ಚ್ಯಾಷ್ಟಿ ಬ್ಯಾಡ. ಡಬ್ಬ್ಯಾಗ ಏನ್ ಹಾಕೀದಿ ಹೇಳು."

"ಮೆಂತೆಪಲ್ಲೆ. ಸ್ಟೇಷನ್ ಹಂತ್ಯಾಕ ಸೋವಿ ಸಿಕ್ತು."

ಅಣವೀರಪ್ಪ ನಮೂನೆಯಲ್ಲಿ ಬರೆದ: "ಬೆಳಗಿನಿಂದ ಶರೀರವು ಮೆಂತೆಪಲ್ಲೆಗಾಗಿ ಹಂಬಲಿಸುತ್ತಿದೆ." ಮಂಜೂರಿ ಹನ್ನೆರಡಕ್ಕೇ ಬಂತು. ಒಂದಕ್ಕೆ ಮುಚ್ಚಳ ತೆರೆದು, ಮೊದಲ ತುತ್ತು ಬಾಯಿಗಿಟ್ಟು, ಅವನು ಕಣ್ಣು ಮುಚ್ಚಿದ. ಈ ಸಲ ಯಾರೂ ಹೇಳಿರಲಿಲ್ಲ.

ಇಂಥದ್ದನ್ನು ಎಷ್ಟು ದಿನ ಮುಚ್ಚಿಡಲಾದೀತು? ವಾರದೊಳಗೆ ಇಡೀ ಸಿಬ್ಬಂದಿ ಹತ್ತೂವರೆಗೆ ಜಿನೆಯಲ್ಲಿ ಸಾಲಾಗಿ ನಿಂತು, ತಮ್ಮ ಶರೀರಕ್ಕೆ ಏನು ಬೇಕಾಗಿದೆಯೆಂದು ಮನೆಗೆ ಫೋನ್ ಮಾಡಿ ಕೇಳತೊಡಗಿತು. ದಹಿಸರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಕ್ಯಾಶಿಯರ್ ಕಿಶೋರನ ಶರೀರಕ್ಕೆ ಹೇಳುವವರು ಯಾರೂ ಇರಲಿಲ್ಲ. ಗಂಗೂಬಾಯಿ ಅವನಿಗೂ ಹೇಳಿದಳು, ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದಳು. ಬಯಕೆಗೂ ಡಬ್ಬಿಗೂ ನೂರಕ್ಕೆ ನೂರು ತಾಳೆಯಾಗುತ್ತಿದೆಯೆಂದು ವೈಶಾಲಿ ನಕ್ಷೆ ಬರೆದು ತೋರಿಸಿದಳು. ಶರೀರಗಳು ಎಚ್ಚೆತ್ತಿವೆ ಎಂದರು ಕೇಶವಮೂರ್ತಿ.

ಆ ಮಧ್ಯಾಹ್ನ ಅವರು ಅಣವೀರಪ್ಪನನ್ನು ಕರೆಸಿ ಬಾಗಿಲು ಹಾಕಿಸಿದರು. ಮೇಜಿನ ಮೇಲೆ ಸೋರೆಕಾಯಿ ಹಾಗೇ ಇತ್ತು.

"ನನ್ನ ಶರೀರಾನೂ ಏನೋ ಹೇಳ್ತಾ ಇದೆ ಕಣ್ರೀ. ಸ್ಪಷ್ಟವಾಗಿ ಕೇಳಿಸ್ತಿಲ್ಲ. ನಾಳೆ ನಿಮ್ಮನೇಲಿ ಏನು?"

"ಬದನಿಕಾಯಿ ಎಣ್ಣಿಗಾಯಿರಿ, ಸಾಹೇಬ್ರ."

"ಅದೇ," ಅಂದರು ಕೇಶವಮೂರ್ತಿ. "ಅದೇ ಹೇಳ್ತಿರೋದು."

ಆಗಸ್ಟಿನಲ್ಲಿ ಏಕರೂಪತೆಯ ದೃಷ್ಟಿಯಿಂದ ಸಿಬ್ಬಂದಿಯ ಎಲ್ಲ ಶರೀರಗಳೂ ಗಂಗೂಬಾಯಿಯವರ ಬಯಕೆಯನ್ನೇ ಬಯಸತಕ್ಕದ್ದೆಂದು ಆದೇಶವಾಯಿತು. ನೋಟೀಸು ಬೋರ್ಡಿನಲ್ಲಿ "ಶರೀರದ ಧ್ವನಿ" ಎಂಬ ತಲೆಬರಹದಡಿ ಅವಳ ಮೊಬೈಲ್ ನಂಬರ್ ಅಂಟಿಸಲಾಯಿತು. ಭಾನುವಾರ ರಜೆ.

ಸೆಪ್ಟೆಂಬರಿನಲ್ಲಿ ಗಂಗೂಬಾಯಿ ತಂಗಿಯ ಮಗಳ ಕುಬಸಕ್ಕೆ ಊರಿಗೆ ಹೊರಟಳು. ಆ ಬಸುರಿ ಹುಡುಗಿಗಾದರೂ ಬಯಕೆ ಖರೇನೇ ಇತ್ತು. ಮರುದಿನ ಸುತ್ತೋಲೆ: "ಶ್ರೀಮತಿ ಗಂಗೂಬಾಯಿಯವರು ಊರಿಗೆ ತೆರಳಿರುವುದರಿಂದ ಎಂಟರಿಂದ ಹನ್ನೊಂದನೆಯ ತಾರೀಖಿನವರೆಗೆ ಸಿಬ್ಬಂದಿಯ ಶರೀರಗಳಿಗೆ ಯಾವುದೇ ಬಯಕೆ ಇರುವುದಿಲ್ಲ."

ಎಲ್ಲರೂ ಓದಿ ಸಹಿ ಹಾಕಿದರು. ಹೊರಡುವ ಮುಂಚೆ ಗಂಗೂಬಾಯಿ ನಾಲ್ಕು ದಿನಕ್ಕಾಗುವಷ್ಟು ಕಟಕ್ ರೊಟ್ಟಿ ಮಾಡಿ ಅರಿವೆಯಲ್ಲಿ ಕಟ್ಟಿಟ್ಟಿದ್ದಳು. ಅದು ಅಣವೀರಪ್ಪನ ಚೀಲದಲ್ಲೇ ಇತ್ತು. ಗಡಿಯಾರ ಒಂದು ಹೊಡೆಯಿತು. ವೈಶಾಲಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಕಾಕಾ, ಭೂಕ್?"

"ಇಲ್ಲವಾ. ಸುತ್ತೋಲಿ ನೋಡಿಲ್ಲೇನ? ಹನ್ನೊಂದರ ಮಟಾ ಇಲ್ಲ."

ಅಷ್ಟರಲ್ಲಿ ಅವನ ಹೊಟ್ಟೆ ಗುರ್ ಎಂದಿತು. ಇಡೀ ವಿಭಾಗಕ್ಕೆ ಕೇಳಿಸಿತು, ಯಾರೂ ತಲೆಯೆತ್ತಲಿಲ್ಲ. ಅಣವೀರಪ್ಪ ರಿಜಿಸ್ಟರ್ ಎಳೆದುಕೊಂಡು ದುಂಡಗಿನ ಅಕ್ಷರಗಳಲ್ಲಿ ಬರೆದ: "ಆವಕ ಸಂಖ್ಯೆ ೪೧೨. ಕಳಿಸಿದವರು: ಶರೀರ. ವಿಷಯ: ನಮೂದಿಸಿಲ್ಲ. ಕಡತಕ್ಕೆ." ಆಮೇಲೆ ಠಸ್ಸೆ ಒತ್ತಿ, ಒಂದು ಲೋಟ ನೀರು ಕುಡಿದ.