ಆಲೆಮನೆ ತೂಕಕ್ಕೆ ಮೂರು ಲ್ಯಾಪ್‌ಟಾಪು

ಕೆಲಸ ಮಾಡಿದಷ್ಟೂ ತಪ್ಪು, ತಪ್ಪು ಮಾಡಿದಷ್ಟೂ ನಗೆಪಾಟಲು. ನಮ್ಮಲ್ಲಂತೂ ಇದು ಇದ್ದದ್ದೇ.

ಆಲೆಮನೆಗಳಲ್ಲಿ ಕಬ್ಬು ತೂಗುವ ಸಾಫ್ಟ್‌ವೇರ್ ಬರೆಯುವವರು ನಾವು. ಮಂಡ್ಯದಲ್ಲಿ ನಾನು, ಭಾರತೀನಗರದಲ್ಲಿ ಒಬ್ಬ ಹುಡುಗ, ಪೂರಿಗಾಲಿಯಲ್ಲಿ ಆ ಊರಿನ ಸೊಸೆಯೊಬ್ಬರು. ಕೋಡಿನಲ್ಲಿ ಕಂಡ ಬಗ್ಗುಗಳನ್ನು, ಅಂದರೆ ತಪ್ಪುಗಳನ್ನು, ಕೋಡಿನ ಪಕ್ಕದಲ್ಲೇ ದಾಖಲಿಸುತ್ತೇವೆ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಟೈಪಿಸಬೇಕು ಅಷ್ಟೆ. ಮೂವರ ಲ್ಯಾಪ್‌ಟಾಪಿನಲ್ಲೂ ಎರಡರದೂ ಒಂದೊಂದು ಪ್ರತಿ. ಇಂಟರ್‌ನೆಟ್ ಸಿಕ್ಕಾಗ ಕೋಡನ್ನೂ ಬಗ್ಗಿನ ದಾಖಲೆಯನ್ನೂ ಬೇರೆ ಬೇರೆಯಾಗಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿಕೊಳ್ಳುತ್ತೇವೆ.

ಜಗುಲಿಯ ಮೇಲೆ

ಪೂರಿಗಾಲಿಯವರು ಜಗುಲಿಯಲ್ಲಿ ಕೂತು ಟೈಪಿಸುತ್ತಿದ್ದರಂತೆ. ಪಕ್ಕದ ಮನೆಯ ಅಜ್ಜಿ ಇಣುಕಿದರು.

"ಏನ್ ಕಣಮ್ಮ, ಕೆಟ್ಟೋಗೈತಾ? ಬರೀ ಕಪ್ಪು ಕಾಣ್ತದೆ."

"ಇಲ್ಲ ಕಣಜ್ಜಿ, ಮಾಡಿದ್ ತಪ್ನೆಲ್ಲ ಬರ್ದು ಮಡುಗ್ತಾ ಇವ್ನಿ."

"ಅದ್ಯಾಕ್ ಬರ್ದೀಯೆ? ನೆಪ್ಪಲ್ಲಿ ಮಡೀಕಳಕೆ ನಿಮ್ಮತ್ತೆ ಇಲ್ವಾ?"

ಯಾವನ್ಲಾ ಬರ್ದಿದ್ದು?

ನಮ್ಮ ಕಡೆ ಬೈಯದೆ ಮಾತು ಶುರುವಾಗುವುದಿಲ್ಲ. ಭಾರತೀನಗರದವನು ಒಂದು ಬಗ್ಗನ್ನು ಹೀಗೆ ದಾಖಲಿಸಿದ: "ಈ ಸಾಲು ಬರ್ದೋನು ಕತ್ತೆ ಕಾಯಕ್ ಓಗ್ಲಿ." ಕೋಡಿನ ಆ ಸಾಲು ಬರೆದವರು ಯಾರೆಂದು ಕಪ್ಪು ಪರದೆಯಲ್ಲೇ ಹುಡುಕಿದೆ. ಅವನದೇ ಹೆಸರು ಬಂತು. "ನೀನೇ ಕಣ್ಲಾ" ಎಂದು ಕೆಳಗೆ ಬರೆದು ಕಳಿಸಿದೆ.

ಸಂಜೆಗೆ ಉತ್ತರ ಬಂತು: "ಬರ್ದೋನು ಒಳ್ಳೆ ಮನ್ಸ. ಅವತ್ತು ಕರೆಂಟಿರ್ನಿಲ್ಲ."

ಮದ್ದೂರಿನ ಗಾಡಿಗಳು

ಮದ್ದೂರಿನ ಹತ್ತಿರದ ಆಲೆಮನೆಯ ಯಜಮಾನರು ನಮ್ಮ ಸಾಫ್ಟ್‌ವೇರನ್ನು ಒಂದು ದಿನ ಪರೀಕ್ಷೆ ಮಾಡಿ ನೋಡುತ್ತೇನೆಂದರು. ಅವರು ಒಪ್ಪಿದರೆ ಸುತ್ತಲಿನ ಆಲೆಮನೆಗಳೂ ಒಪ್ಪುತ್ತವೆ. ಇಲ್ಲದಿದ್ದರೆ ನಾವು ಅಂಗಡಿ ಮುಚ್ಚಬೇಕು. ಉಳಿದಿದ್ದದ್ದು ಒಂದೇ ಬಗ್ಗು: ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯುತ್ತಿರಲಿಲ್ಲ. ಹಿಂದಿನ ದಿನ ಭಾರತೀನಗರದವನು "ಸರಿಯಾಗಿದೆ" ಎಂದು ಅದನ್ನು ಮುಚ್ಚಿದ್ದ. ನನ್ನ ಪರದೆಯಲ್ಲೂ ಮುಚ್ಚಿದೆ ಎಂದೇ ಕಂಡಿತು. ಧೈರ್ಯವಾಗಿ ಹೋದೆ.

ಮೊದಲ ಗಾಡಿ ತೂಕಕ್ಕೆ ಬಂತು. ಕಬ್ಬು ಇಳಿಸಿ ಖಾಲಿ ಗಾಡಿಯನ್ನೂ ತೂಗಿದೆವು. ಆದರೂ ಕಬ್ಬಿನ ಲೆಕ್ಕದಲ್ಲಿ ಗಾಡಿ ಸೇರಿಕೊಂಡೇ ಇತ್ತು. ಕಬ್ಬು ತಂದವರ ಮುಖ ಅರಳಿತು. ಯಜಮಾನರು ನನ್ನ ಕಡೆ ತಿರುಗಿ, "ಏನಪ್ಪ, ಗಾಡೀನೂ ಗಾಣಕ್ ಆಕಾನಾ?" ಎಂದರು.

ಭಾರತೀನಗರಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವನು ಬಗ್ಗು ಮುಚ್ಚಿದ ಸುದ್ದಿಯನ್ನಷ್ಟೇ ಕಳಿಸಿದ್ದ, ಸರಿಪಡಿಸಿದ ಕೋಡು ಕಳಿಸುವುದನ್ನು ಮರೆತಿದ್ದ. ಆದರೂ ಬಿಗುಮಾನ ಬಿಡಲಿಲ್ಲ.

"ನನ್ ಲ್ಯಾಪ್‌ಟಾಪಲ್ಲಿ ಸರ್ಯಾಗೇ ತೂಗ್ತದೆ ಕಣಣ್ಣ!"

ಆಮೇಲೆ ಕೋಡು ಬಂತು, ಲೆಕ್ಕ ಸರಿಹೋಯಿತು, ನಮ್ಮ ಅಂಗಡಿಯೂ ಉಳಿಯಿತು. ಆದರೆ ಆ ಕ್ಷಣಕ್ಕೆ ಯಜಮಾನರು ಸಾಲಾಗಿ ನಿಂತ ಗಾಡಿಗಳನ್ನೊಮ್ಮೆ ನೋಡಿ, ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ಅಂಗಾದ್ರೆ ಒಳ್ಳೇದಾಯ್ತು ಬುಡಪ್ಪ. ಎಲ್ಲಾ ಗಾಡೀನೂ ಭಾರತೀನಗರಕ್ಕೇ ಕಳುಸ್ತೀನಿ. ಒಂದೊಂದಾಗಿ ನಿನ್ ಲ್ಯಾಪ್‌ಟಾಪ್ ಮ್ಯಾಲೆ ಅತ್ತುಸ್ಕೊ."